ವ್ಯಸನದ ಗಡಿಯಾರ, ನ್ಯಾಯಾಲಯದ ಗಡಿಯಾರ

ಅಪರಾಧಕ್ಕೆ ದಂಡನೆ ವಿಧಿಸುವ ವ್ಯವಸ್ಥೆ ಯಾವ ದೇಶದ್ದೇ ಇರಲಿ, ಅದು ಒಂದು ಊಹೆಯನ್ನು ನೆಚ್ಚಿಕೊಂಡಿದೆ: ಮನುಷ್ಯನು ಇಂದಿನ ಸುಖವನ್ನೂ ನಾಳಿನ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲನು, ನಾಳಿನ ತಟ್ಟೆ ಭಾರವಾಗಿ ಕಂಡರೆ ಇಂದಿನದನ್ನು ಕೈಬಿಡಬಲ್ಲನು ಎಂಬುದೇ ಆ ಊಹೆ. ಮಾದಕವಸ್ತುವಿನ ವ್ಯಸನ ಕೆಡಿಸುವುದು ಈ ತಕ್ಕಡಿಯನ್ನೇ. ಫಲ ದೂರವಾದಷ್ಟೂ ಮನಸ್ಸಿನಲ್ಲಿ ಅದರ ಬೆಲೆ ಇಳಿಯುವುದು ಎಲ್ಲರಲ್ಲೂ ಇರುವ ಗುಣವೇ. ವರ್ಷದ ನಂತರ ಸಿಗುವ ಸಾವಿರ ರೂಪಾಯಿಗಿಂತ ಇವತ್ತೇ ಕೈಗೆ ಬರುವ ಎಂಟುನೂರು ಹಿತವೆನಿಸಿದರೆ ಅದು ರೋಗವಲ್ಲ. ವರ್ತನಾ ವಿಜ್ಞಾನಿಗಳು ಡಿಲೇ ಡಿಸ್ಕೌಂಟಿಂಗ್ ಎಂದು ಕರೆಯುವ ಈ ಗುಣವನ್ನು ‘ವಿಳಂಬದ ಸೋಡಿ’ ಎನ್ನಬಹುದು, ಏಕೆಂದರೆ ಕಾಯಬೇಕಾದ ಪ್ರತಿ ದಿನಕ್ಕೂ ಮನಸ್ಸು ಬೆಲೆಯಲ್ಲಿ ಇಷ್ಟಿಷ್ಟು ಸೋಡಿ ಕಳೆಯುತ್ತ ಹೋಗುತ್ತದೆ. ಹೆರಾಯಿನ್ ವ್ಯಸನಿಗಳನ್ನೂ ವ್ಯಸನವಿಲ್ಲದವರನ್ನೂ ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವ್ಯಸನಿಗಳ ಸೋಡಿಯ ದರ ಇತರರದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಅಂಥ ಮನಸ್ಸಿನ ಪಾಲಿಗೆ ಎರಡು ವರ್ಷಗಳ ನಂತರ ಬರಬಹುದಾದ ಐದು ವರ್ಷಗಳ ಸೆರೆವಾಸವು ಬಹುಮಟ್ಟಿಗೆ ಇಲ್ಲದ ವಸ್ತುವೇ ಆಗಿಬಿಡುತ್ತದೆ.

ಇನ್ನೊಂದು ಕಡೆ ನ್ಯಾಯಾಲಯದ ಕಾಲಮಾನವೋ ವಾಯಿದೆಗಳ ಕಾಲಮಾನ. ಬಂಧನಕ್ಕೂ ತೀರ್ಪಿಗೂ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಉರುಳುತ್ತವೆ; ತೀರ್ಪಿನ ನಂತರವೂ, ಅಮೆರಿಕದ ಪ್ರೊಬೇಷನ್ ಪದ್ಧತಿಯಲ್ಲಿ, ಅಂದರೆ ಅಪರಾಧಿಯನ್ನು ಸೆರೆಗೆ ಕಳಿಸದೆ ಷರತ್ತುಗಳ ಮೇಲೆ ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ಹೊರಗೇ ಬಿಡುವ ಕ್ರಮದಲ್ಲಿ, ಹತ್ತು ಸಲ ಷರತ್ತು ಮುರಿದರೂ ಎಚ್ಚರಿಕೆಯ ಮಾತಿನಲ್ಲೇ ಮುಗಿದು, ಹನ್ನೊಂದನೆಯ ಸಲ ಇದ್ದಕ್ಕಿದ್ದಂತೆ ವರ್ಷಗಟ್ಟಲೆಯ ಸೆರೆವಾಸ ಎರಗುವುದು ಸಾಮಾನ್ಯವಾಗಿತ್ತು. ಶಿಕ್ಷೆಯ ಪರಿಣಾಮ ಅದರ ಕ್ರೌರ್ಯದಲ್ಲಿಲ್ಲ, ಖಚಿತತೆಯಲ್ಲಿ ಮತ್ತು ಶೀಘ್ರತೆಯಲ್ಲಿದೆ ಎಂದು ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದನು. ನ್ಯಾಯಾಲಯದ ಆದೇಶದ ಮೇರೆಗೆ ನಡೆಯುವ ವ್ಯಸನಚಿಕಿತ್ಸೆಯ ಇತಿಹಾಸವೆಂದರೆ, ಬೇರೆ ಬೇರೆ ವೇಗದಲ್ಲಿ ಓಡುವ ಈ ಎರಡು ಗಡಿಯಾರಗಳನ್ನು ಹೊಂದಿಸಲು ನಡೆದ, ಹಲವು ಸಲ ಕೆಟ್ಟ, ಕೆಲವು ಸಲ ಫಲಿಸಿದ ಪ್ರಯತ್ನಗಳ ಇತಿಹಾಸ. ಅದರ ಹೆಚ್ಚಿನ ಭಾಗ ನಡೆದದ್ದು ಅಮೆರಿಕದಲ್ಲಿ.

ಅಫೀಮು ಮತ್ತು ಕೊಕೇನ್‌ಗಳ ವ್ಯಾಪಾರವನ್ನು 1914ರ ಹ್ಯಾರಿಸನ್ ಕಾಯಿದೆಯು ನಿಯಂತ್ರಣಕ್ಕೆ ತಂದ ಮೇಲೆ, ವ್ಯಸನಿಯ ವ್ಯಸನವನ್ನು ಕಾಪಾಡುವುದಕ್ಕಷ್ಟೇ ವೈದ್ಯನು ಮದ್ದು ಬರೆದುಕೊಡುವಂತಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1919ರಲ್ಲಿ ಹೇಳಿತು. ಹೀಗೆ ವೈದ್ಯನ ಬಾಗಿಲು ಮುಚ್ಚಿದ್ದರಿಂದ ವ್ಯಸನಿಗಳು ಸೆರೆಮನೆಗಳನ್ನು ತುಂಬತೊಡಗಿದರು. ಇದಕ್ಕೆ ಪರಿಹಾರವಾಗಿ 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ತೆರೆದ ಸಂಸ್ಥೆಯನ್ನು ಜನರು ನಾರ್ಕೋಟಿಕ್ ಫಾರ್ಮ್ ಎಂದು ಕರೆದರು, ಮತ್ತು ಅದು ನಿಜವಾಗಿಯೂ ಹಸು, ಹೊಲಗಳಿದ್ದ ಕೃಷಿಕ್ಷೇತ್ರವೇ ಆಗಿತ್ತು, ಜೊತೆಗೆ ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆ. ಶಿಕ್ಷೆಗೊಳಗಾದ ಕೈದಿಗಳೂ ತಾವಾಗಿಯೇ ಬಂದು ಸೇರಿದವರೂ ಅಲ್ಲಿ ಒಂದೇ ಸೂರಿನಡಿ ಇದ್ದರು. ತಾವಾಗಿ ಬಂದವರು ಬಹುತೇಕ ಚಿಕಿತ್ಸೆ ಮುಗಿಯುವ ಮೊದಲೇ ಹೊರಟುಹೋಗುತ್ತಿದ್ದರು, ಚಿಕಿತ್ಸೆ ಮುಗಿಸಿದವರೂ ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ ಹಳೆಯ ಗೆಳೆಯರ ನಡುವೆ ಹಳೆಯ ಚಟಕ್ಕೆ ಬೀಳುತ್ತಿದ್ದರು. ಮನೋವೈದ್ಯ ಜಾರ್ಜ್ ವೈಲಂಟ್ ಅಲ್ಲಿ ದಾಖಲಾಗಿದ್ದ ನೂರು ಮಂದಿ ನ್ಯೂಯಾರ್ಕ್ ನಿವಾಸಿಗಳ ಜೀವನವನ್ನು ಹನ್ನೆರಡು ವರ್ಷಗಳವರೆಗೆ ಹಿಂಬಾಲಿಸಿ 1966ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಯಾರೂ ನಿರೀಕ್ಷಿಸದ ಸಂಗತಿಯೊಂದಿತ್ತು: ಸ್ವಂತ ಇಚ್ಛೆಯ ಆಸ್ಪತ್ರೆವಾಸವಾಗಲಿ ಕಿರು ಅವಧಿಯ ಸೆರೆಯಾಗಲಿ ಹೆಚ್ಚು ಫಲ ಕೊಟ್ಟಿರಲಿಲ್ಲ, ಆದರೆ ಸೆರೆಯ ನಂತರ ದೀರ್ಘಕಾಲ ಅಧಿಕಾರಿಯೊಬ್ಬನ ಮೇಲ್ವಿಚಾರಣೆಯಲ್ಲಿ ಹೊರಗೆ ಬದುಕಿದವರಲ್ಲಿ ವ್ಯಸನ ಬಿಟ್ಟವರ ಪ್ರಮಾಣ ಎದ್ದುಕಾಣುವಷ್ಟು ಹೆಚ್ಚಿತ್ತು. ಗೋಡೆ ಮಾಡದ ಕೆಲಸವನ್ನು ಗೋಡೆಯಾಚೆಯ ಕಣ್ಣು ಮಾಡಿತ್ತು.

ಕ್ಯಾಲಿಫೋರ್ನಿಯಾ ರಾಜ್ಯವು 1961ರಲ್ಲಿ ಆರಂಭಿಸಿದ ‘ಸಿವಿಲ್ ಅಡಿಕ್ಟ್’ ಕಾರ್ಯಕ್ರಮದಲ್ಲಿ ವ್ಯಸನಿಯನ್ನು ಅಪರಾಧಿಯೆಂದಲ್ಲದೆ ರೋಗಿಯೆಂದು ಪರಿಗಣಿಸಿ, ನ್ಯಾಯಾಲಯದ ಆದೇಶದಂತೆ ಕೆಲಕಾಲ ಒಳಗಿರಿಸಿ, ಆಮೇಲೆ ವರ್ಷಗಟ್ಟಲೆ ಮೂತ್ರಪರೀಕ್ಷೆಯ ಕಾವಲಿನಲ್ಲಿ ಹೊರಗೆ ಬಿಡುವ ವ್ಯವಸ್ಥೆಯಿತ್ತು. ವ್ಯಸನಿಯಾಗಿರುವ ಸ್ಥಿತಿಯನ್ನೇ ಅಪರಾಧವೆನ್ನುವುದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಮರುವರ್ಷವೇ, 1962ರ ರಾಬಿನ್ಸನ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ತೀರ್ಪು ಕಡ್ಡಾಯ ಚಿಕಿತ್ಸೆಗೆ ಮಾತ್ರ ಅಡ್ಡಿ ಹೇಳಲಿಲ್ಲ. ಈ ಕಾರ್ಯಕ್ರಮದ ಮೊದಲ ದಿನಗಳಲ್ಲಿ ಕಾನೂನುಕ್ರಮದ ಲೋಪಗಳಿಂದಾಗಿ ಅನೇಕರನ್ನು ಬಿಟ್ಟುಬಿಡಬೇಕಾಯಿತು, ಮತ್ತು ಗುಮಾಸ್ತರ ಆ ತಪ್ಪು ಸಂಶೋಧಕರ ಪಾಲಿಗೆ ವರವಾಯಿತು. ಏಕೆಂದರೆ ಎಲ್ಲ ರೀತಿಯಲ್ಲೂ ಒಂದೇ ಬಗೆಯವರಾಗಿದ್ದು ಕಾವಲಿನಿಂದ ಮಾತ್ರ ತಪ್ಪಿಸಿಕೊಂಡ ಹೋಲಿಕೆಯ ಗುಂಪೊಂದು ತಾನಾಗಿಯೇ ಸೃಷ್ಟಿಯಾಯಿತು. ಕಾವಲಿನಲ್ಲಿ ಉಳಿದವರ ದಿನನಿತ್ಯದ ಬಳಕೆಯೂ ಅಪರಾಧವೂ ಬಿಡುಗಡೆಯಾದವರಿಗಿಂತ ಹೆಚ್ಚು ಇಳಿದವು. ಆದರೂ ಆ ಫಲವನ್ನು ಅತಿಯಾಗಿ ಹೊಗಳಲಾಗದು: ಆ ಕಾರ್ಯಕ್ರಮಕ್ಕೆ 1960ರ ದಶಕದ ಆರಂಭದಲ್ಲಿ ಸೇರಿದ್ದ 581 ಪುರುಷರನ್ನು ಮೂವತ್ತಮೂರು ವರ್ಷಗಳ ನಂತರ ಹುಡುಕಿದಾಗ 284 ಮಂದಿ ಸತ್ತಿದ್ದರು.

ಇಂದಿನ ರೂಪದ ‘ಡ್ರಗ್ ಕೋರ್ಟ್’ ಹುಟ್ಟಿದ್ದು 1989ರಲ್ಲಿ, ಫ್ಲಾರಿಡಾದ ಮಯಾಮಿಯಲ್ಲಿ. ಸುಟ್ಟು ಸೇದುವ ಕೊಕೇನ್, ಅಂದರೆ ಕ್ರ್ಯಾಕ್, ಆ ನಗರವನ್ನು ಆವರಿಸಿ, ಸೆರೆಮನೆಗಳು ತುಂಬಿ, ಬಿಡುಗಡೆಯಾದವರೇ ಮತ್ತೆ ಮತ್ತೆ ಅದೇ ಕಟಕಟೆಗೆ ಬಂದು ನಿಲ್ಲುತ್ತಿದ್ದಾಗ, ಅಲ್ಲಿನ ನ್ಯಾಯಾಧೀಶರೂ, ಮುಂದೆ ಅಮೆರಿಕದ ಅಟಾರ್ನಿ ಜನರಲ್ ಆದ ಸರ್ಕಾರಿ ವಕೀಲೆ ಜಾನೆಟ್ ರೀನೋ ಅವರೂ ಸೇರಿ ರೂಪಿಸಿದ ಈ ನ್ಯಾಯಾಲಯದ ಪೀಠದಲ್ಲಿ ಮೊದಲು ಕುಳಿತವರು ಸ್ಟ್ಯಾನ್ಲಿ ಗೋಲ್ಡ್‌ಸ್ಟೀನ್. ಅದರ ಯೋಚನೆ ಸರಳವಾಗಿತ್ತು: ಮೊಕದ್ದಮೆಯನ್ನು ತಡೆಹಿಡಿದು ಆರೋಪಿಯನ್ನು ಚಿಕಿತ್ಸೆಗೆ ಕಳಿಸುವುದು, ಚಿಕಿತ್ಸೆಯ ಉದ್ದಕ್ಕೂ ಆತನನ್ನು ಮತ್ತೆ ಮತ್ತೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಿಸುವುದು, ಮುಗಿಸಿದವನ ಮೇಲಿನ ಆರೋಪವನ್ನು ಕೈಬಿಡುವುದು. ಆ ಚಿಕಿತ್ಸೆಯಲ್ಲಿ ಕಿವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಕೂಡ ಸೇರಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು; ಕೊಕೇನ್ ವ್ಯಸನಿಗಳಾದ 620 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜವಾದ ಬಿಂದುಗಳಿಗೆ ಚುಚ್ಚಿದ ಸೂಜಿಗೂ ಹುಸಿ ಸೂಜಿಗೂ ವ್ಯತ್ಯಾಸವೇ ಕಾಣಲಿಲ್ಲ. ಮಯಾಮಿಯ ನ್ಯಾಯಾಲಯದಲ್ಲಿ ಫಲ ಕೊಟ್ಟದ್ದು ಏನೇ ಇರಲಿ, ಸೂಜಿಯಂತೂ ಅಲ್ಲ.

ಆ ಮಾದರಿ ಬಲುಬೇಗ ಹರಡಿ ಈಗ ಅಮೆರಿಕದಲ್ಲಿ ಇಂಥ ನ್ಯಾಯಾಲಯಗಳ ಸಂಖ್ಯೆ ಮೂರು ಸಾವಿರವನ್ನು ಮೀರಿದೆ. ಕೆಲವೆಡೆ ತಪ್ಪೊಪ್ಪಿಗೆಗೆ ಮುನ್ನವೇ ಆರೋಪಿಯನ್ನು ಸೇರಿಸಿಕೊಳ್ಳುತ್ತಾರೆ. ಹೆಚ್ಚಿನ ಕಡೆ ತಪ್ಪೊಪ್ಪಿಕೊಂಡ ಮೇಲೆ, ಶಿಕ್ಷೆಯನ್ನು ತೂಗುಹಾಕಿ ಸೇರಿಸಿಕೊಳ್ಳುತ್ತಾರೆ. ಅವಧಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು. ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಪರಿವೀಕ್ಷಣಾಧಿಕಾರಿ ಮತ್ತು ಚಿಕಿತ್ಸಕರು ಕಲಾಪಕ್ಕೆ ಮೊದಲು ಒಂದೆಡೆ ಕುಳಿತು ಒಬ್ಬೊಬ್ಬರ ಪ್ರಗತಿಯನ್ನೂ ಚರ್ಚಿಸುತ್ತಾರೆ, ವಾದಿ ಪ್ರತಿವಾದಿಗಳೆಂಬ ಎಂದಿನ ಜಗಳ ಅಲ್ಲಿ ಬದಿಗೆ ಸರಿಯುತ್ತದೆ. (ತನ್ನ ಕಕ್ಷಿದಾರನ ಗುಟ್ಟನ್ನು ಕಾಯಬೇಕಾದ ವಕೀಲನು ಅದೇ ಮೇಜಿನಲ್ಲಿ ಕುಳಿತು ಏನನ್ನು ಹೇಳಬಹುದು, ಏನನ್ನು ನುಂಗಿಕೊಳ್ಳಬೇಕು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.) ಮೊದಲ ಹಂತದಲ್ಲಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಹಾಜರಿ, ಮೂತ್ರಪರೀಕ್ಷೆ ವಾರದಲ್ಲಿ ಎರಡು ಸಲ, ಯಾವ ದಿನವೆಂದು ಮೊದಲೇ ತಿಳಿಸುವುದಿಲ್ಲ. ತಪ್ಪಿದಾಗ ಶಾಸ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮೊದಲು ಗದರಿಕೆ, ಆಮೇಲೆ ಪುಕ್ಕಟೆ ಸಮುದಾಯ ಸೇವೆ, ಆಮೇಲೆ ಒಂದೆರಡು ದಿನದ ಸೆರೆ. ಸರಿಯಾಗಿ ನಡೆದವರಿಗೆ ತುಂಬಿದ ನ್ಯಾಯಾಲಯದಲ್ಲೇ ಚಪ್ಪಾಳೆ, ಸಣ್ಣ ಬಹುಮಾನ, ಕೊನೆಗೆ ಪದವಿಪ್ರದಾನದಂಥ ಸಮಾರಂಭ. ನೋಡುವವರಿಗೆ ಇದು ಮಕ್ಕಳಾಟದಂತೆ ಕಾಣಬಹುದು, ಆದರೆ ಇದರ ಹಿಂದೆ ವಿಳಂಬದ ಸೋಡಿಯ ಲೆಕ್ಕವೇ ಇದೆ. ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ 1990ರ ದಶಕದಲ್ಲಿ ಕೊಕೇನ್ ವ್ಯಸನಿಗಳಿಗೆ ಪ್ರತಿ ಶುದ್ಧ ಮೂತ್ರಕ್ಕೂ ಅಂಗಡಿಯಲ್ಲಿ ನಡೆಯುವ ಚೀಟಿಯೊಂದನ್ನು ಕೊಟ್ಟು, ಸತತವಾಗಿ ಶುದ್ಧವಿದ್ದಷ್ಟೂ ಚೀಟಿಯ ಬೆಲೆ ಏರುವಂತೆಯೂ, ಒಮ್ಮೆ ಜಾರಿದರೆ ಮತ್ತೆ ತಳಕ್ಕೆ ಇಳಿಯುವಂತೆಯೂ ಮಾಡಿ, ಬರಿಯ ಉಪದೇಶದಿಂದ ಆಗದ ಬದಲಾವಣೆಯನ್ನು ತೋರಿಸಿದ್ದರು. ದೂರದ ದೊಡ್ಡ ಫಲ ಕಣ್ಣಿಗೆ ಬೀಳದ ಮನಸ್ಸಿಗೆ ಹತ್ತಿರದ ಚಿಕ್ಕ ಫಲ ಕಾಣಿಸುತ್ತದೆ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಬಾಟಲಿ ಮೂತ್ರದ ಮೇಲಾದ್ದರಿಂದ ಆ ಪರೀಕ್ಷೆಯ ಮಿತಿಗಳನ್ನು ತಿಳಿಯುವುದು ಅಗತ್ಯ. ಕೊಕೇನ್ ದೇಹದಲ್ಲಿ ಒಡೆದು ಉಂಟಾಗುವ ಬೆಂಜಾಯಿಲ್‌ಎಕ್ಗೋನಿನ್ ಎಂಬ ವಸ್ತು ಎರಡು ಮೂರು ದಿನ ಮೂತ್ರದಲ್ಲಿ ಸಿಗುತ್ತದೆ. ಹೆರಾಯಿನ್ನಿನ ನಿಸ್ಸಂಶಯ ಕುರುಹು ಒಂದು ದಿನವೂ ನಿಲ್ಲುವುದಿಲ್ಲ. ಗಾಂಜಾದ ಶೇಷ ಕೊಬ್ಬಿನಲ್ಲಿ ಅಡಗಿ, ದಿನಾಲು ಸೇದುತ್ತಿದ್ದವನಲ್ಲಿ ವಾರಗಟ್ಟಲೆ ಹೊರಬರುತ್ತದೆ. ಹಾಗಾಗಿ ಹೆರಾಯಿನ್ ಬಳಸುವವನು ಕಣ್ತಪ್ಪಿಸಿಕೊಂಡು ಗಾಂಜಾ ಬಿಟ್ಟವನು ಸಿಕ್ಕಿಬೀಳುವ ವಿಪರ್ಯಾಸ ಅಪರೂಪವೇನಲ್ಲ. ಮೊದಲ ಪರೀಕ್ಷೆಯು ಇಮ್ಯುನೋಅಸೇ ಎಂಬ ವಿಧಾನದ್ದು; ಮಾದಕದ ಅಣುವಿಗೆ ಅಂಟುವ ಪ್ರತಿಕಾಯಗಳನ್ನು ಬಳಸುವ ಈ ಪರೀಕ್ಷೆ ಅಗ್ಗ ಮತ್ತು ವೇಗ, ಆದರೆ ಹೋಲುವ ಅಣುಗಳಿಗೂ ಅದು ಮೋಸಹೋಗುತ್ತದೆ, ಆದ್ದರಿಂದ ವಿವಾದ ಬಂದಾಗ ಅಣುವಿನ ತೂಕವನ್ನೇ ಅಳೆಯುವ ದುಬಾರಿ ಪರೀಕ್ಷೆಯ ಮೊರೆಹೋಗಬೇಕಾಗುತ್ತದೆ. ಆದರೆ ಗಸಗಸೆಯ ವಿಷಯದಲ್ಲಿ ಆ ಎರಡನೆಯ ಪರೀಕ್ಷೆಯೂ ಪೂರ್ತಿ ನೆರವಾಗದು. ಅಫೀಮು ಗಿಡದ ಬೀಜವೇ ಆದ ಗಸಗಸೆಯ ಸಿಪ್ಪೆಗೆ ಕಾಯಿಯ ಹಾಲು ಅಂಟಿರುವುದರಿಂದ, ಅದನ್ನು ತಿಂದವರ ಮೂತ್ರದಲ್ಲಿ ನಿಜವಾದ ಮಾರ್ಫಿನ್ನೇ ಸಿಗುತ್ತದೆ. ಈ ಕಾರಣಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರವು ನೌಕರರ ಪರೀಕ್ಷೆಯಲ್ಲಿ ಅಫೀಮಿನ ಅಂಶದ ಮಿತಿಯನ್ನು 1998ರಲ್ಲಿ ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಬೇಕಾಯಿತು. ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಕಣ್ಣೆಳೆದ ಕನ್ನಡಿಗರಿಗೆ ಈ ಏರಿಕೆಯ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡ್ರಗ್ ಕೋರ್ಟಿನಿಂದ ಪ್ರಯೋಜನವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರಿಸುವುದು ತೋರುವಷ್ಟು ಸುಲಭವಲ್ಲ, ಏಕೆಂದರೆ ಗೆಲ್ಲುವ ಕುದುರೆಗಳನ್ನೇ ಆರಿಸಿಕೊಂಡ ನ್ಯಾಯಾಲಯ ಗೆದ್ದೇ ಗೆಲ್ಲುತ್ತದೆ. ಆಯ್ಕೆಯ ಈ ಮೋಸವನ್ನು ತಪ್ಪಿಸಲು ಬಾಲ್ಟಿಮೋರ್ ನಗರದಲ್ಲಿ 235 ಅಪರಾಧಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದನ್ನು ಡ್ರಗ್ ಕೋರ್ಟಿಗೂ ಇನ್ನೊಂದನ್ನು ಎಂದಿನ ದಾರಿಗೂ ಕಳಿಸಲಾಯಿತು. ಎರಡು ವರ್ಷಗಳಲ್ಲಿ ಮೊದಲ ಗುಂಪಿನ ಶೇ 66ರಷ್ಟು ಮಂದಿ, ಎರಡನೆಯದರ ಶೇ 81ರಷ್ಟು ಮಂದಿ ಮತ್ತೆ ಬಂಧನಕ್ಕೊಳಗಾದರು. 154 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ವಯಸ್ಕರ ಡ್ರಗ್ ಕೋರ್ಟುಗಳು ಮರು ಅಪರಾಧವನ್ನು ಶೇ 50ರಿಂದ ಸುಮಾರು ಶೇ 38ಕ್ಕೆ ಇಳಿಸುತ್ತವೆ. ಪವಾಡವಲ್ಲ, ಆದರೆ ದಂಡನೆಯ ಲೋಕದಲ್ಲಿ ಇಷ್ಟು ಇಳಿಕೆ ತೋರಿಸಬಲ್ಲ ಉಪಾಯಗಳು ಕಡಮೆ. ಇದಕ್ಕಿಂತ ಕುತೂಹಲದ ಪ್ರಶ್ನೆ, ಆ ಇಳಿಕೆಗೆ ಕಾರಣವೇನು ಎಂಬುದು. 23 ಡ್ರಗ್ ಕೋರ್ಟುಗಳನ್ನು ಒಳಗೊಂಡು 2011ರಲ್ಲಿ ಮುಗಿದ ದೊಡ್ಡ ಅಧ್ಯಯನದಲ್ಲಿ, ಹದಿನೆಂಟು ತಿಂಗಳ ನಂತರ ಮಾಡಿದ ಪರೀಕ್ಷೆಯಲ್ಲಿ ಮಾದಕದ ಅಂಶ ಸಿಕ್ಕಿದ್ದು ಡ್ರಗ್ ಕೋರ್ಟಿನವರಲ್ಲಿ ಶೇ 29, ಹೋಲಿಕೆಯ ಗುಂಪಿನಲ್ಲಿ ಶೇ 46. ಈ ಅಂತರವನ್ನು ಬಿಡಿಸಿ ನೋಡಿದಾಗ ಎಲ್ಲಕ್ಕಿಂತ ಮುಂದೆ ನಿಂತ ಅಂಶವೆಂದರೆ ನ್ಯಾಯಾಧೀಶರ ಬಗೆಗೆ ಅಪರಾಧಿಯಲ್ಲಿದ್ದ ಭಾವನೆ, ಅಂದರೆ ಅವರು ತನ್ನ ಹೆಸರು ಬಲ್ಲರು, ತನ್ನ ಮಾತು ಕೇಳುತ್ತಾರೆ, ತನ್ನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂಬ ನಂಬಿಕೆ. ಹಾಗೆಂದು ಎಲ್ಲರನ್ನೂ ವಾರವಾರ ಕರೆಸಿದರೆ ಒಳ್ಳೆಯದೆಂದೂ ಅಲ್ಲ. ಡೆಲವೇರ್ ರಾಜ್ಯದಲ್ಲಿ ಡಗ್ಲಸ್ ಮಾರ್ಲೋ ಮತ್ತು ಡೇವಿಡ್ ಫೆಸ್ಟಿಂಗರ್ ನಡೆಸಿದ ಪ್ರಯೋಗಗಳಲ್ಲಿ, ಹಿಂದೆ ಚಿಕಿತ್ಸೆ ಪಡೆದು ಸೋತವರು ಮತ್ತು ಸಮಾಜವಿರೋಧಿ ನಡತೆ ಬೇರೂರಿದವರು ಎರಡು ವಾರಕ್ಕೊಮ್ಮೆಯ ಹಾಜರಿಯಿಂದ ಸುಧಾರಿಸಿದರು, ಹಗುರ ಸಮಸ್ಯೆಯವರಿಗೆ ಅದರಿಂದ ಏನೂ ಲಾಭವಾಗಲಿಲ್ಲ.

ಗಡಿಯಾರದ ತತ್ತ್ವವನ್ನು ಅದರ ತುತ್ತತುದಿಗೆ ಒಯ್ದವರು ಹವಾಯಿಯ ನ್ಯಾಯಾಧೀಶ ಸ್ಟೀವನ್ ಆಮ್. 2004ರಲ್ಲಿ ಹೊನೊಲುಲುವಿನಲ್ಲಿ ಅವರು ಆರಂಭಿಸಿದ ‘ಹೋಪ್’ ಯೋಜನೆಯಲ್ಲಿ ಎಲ್ಲರಿಗೂ ಮೊದಲೇ ಚಿಕಿತ್ಸೆಯಿಲ್ಲ. ಇರುವುದು ಎಚ್ಚರಿಕೆ ಮಾತ್ರ. ಪ್ರೊಬೇಷನ್ನಿನಲ್ಲಿರುವವನು ವಾರದ ಪ್ರತಿ ಕೆಲಸದ ದಿನ ಬೆಳಗ್ಗೆ ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡಬೇಕು, ತನಗೆ ಗೊತ್ತುಮಾಡಿದ ಬಣ್ಣದ ಹೆಸರು ಅಲ್ಲಿ ಕೇಳಿಬಂದರೆ ಅದೇ ದಿನ ಮೂತ್ರ ಕೊಡಬೇಕು, ಮಾದಕ ಸಿಕ್ಕರೆ ಅಲ್ಲೇ ಬಂಧನ, ಎರಡು ಮೂರು ದಿನದೊಳಗೆ ವಿಚಾರಣೆ, ಕೆಲವೇ ದಿನದ ಸೆರೆ. ಮತ್ತೆ ಮತ್ತೆ ಸೋಲುವವರನ್ನು ಮಾತ್ರ ಚಿಕಿತ್ಸೆಗೆ ಕಳಿಸಲಾಗುತ್ತಿತ್ತು, ಹೀಗಾಗಿ ವಿರಳವಾದ ಚಿಕಿತ್ಸಾ ಹಾಸಿಗೆಗಳು ನಿಜವಾಗಿ ಬೇಕಾದವರಿಗೆ ಉಳಿದವು. 2009ರಲ್ಲಿ ಏಂಜೆಲಾ ಹಾಕನ್ ಮತ್ತು ಮಾರ್ಕ್ ಕ್ಲೈಮನ್ ಪ್ರಕಟಿಸಿದ 493 ಮಂದಿಯ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಮತ್ತೆ ಬಂಧನಕ್ಕೊಳಗಾದವರು ಹೋಪ್‌ನಲ್ಲಿ ಶೇ 21, ಸಾಮಾನ್ಯ ಪ್ರೊಬೇಷನ್ನಿನಲ್ಲಿ ಶೇ 47. ಬೆಕ್ಕಾರಿಯಾನ ಮಾತು ಎರಡೂವರೆ ಶತಮಾನದ ನಂತರ ಅಂಕಿಗಳಲ್ಲಿ ಸಿದ್ಧವಾಯಿತೆಂದೇ ಹಲವರು ಭಾವಿಸಿದರು. ಆದರೆ ಅದೇ ಯೋಜನೆಯನ್ನು ಆರ್ಕನ್ಸಾ, ಮ್ಯಾಸಚೂಸೆಟ್ಸ್, ಆರೆಗನ್ ಮತ್ತು ಟೆಕ್ಸಸ್ ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನರ ಮೇಲೆ ಯಥಾವತ್ತಾಗಿ ನಡೆಸಿ 2016ರಲ್ಲಿ ಫಲಿತಾಂಶ ಹೊರಬಂದಾಗ, ಒಟ್ಟಾರೆ ಬಂಧನಗಳಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ವೇಗವೂ ಖಚಿತತೆಯೂ ಅಲ್ಲಿಗೆ ಹೋಗಿದ್ದವು, ಆಮ್ ಅವರು ಹೋಗಿರಲಿಲ್ಲ ಎಂದು ಕೆಲವರು ವಾದಿಸಿದರು. ಸಾಮಾನ್ಯ ಪ್ರೊಬೇಷನ್ನೇ ಅಷ್ಟರಲ್ಲಿ ಸುಧಾರಿಸಿತ್ತು ಎಂದು ಇನ್ನು ಕೆಲವರು. ಮೊದಲಿನ ವಾದ 2011ರ ಅಧ್ಯಯನ ತೋರಿಸಿದ್ದರೊಂದಿಗೆ ಹೊಂದುತ್ತದೆ, ಆದರೆ ಒಬ್ಬ ವ್ಯಕ್ತಿಯ ಗುಣದ ಮೇಲೆ ನಿಂತ ಯೋಜನೆಯನ್ನು ಯೋಜನೆಯೆಂದು ಕರೆಯುವುದು ಕಷ್ಟ.

ನ್ಯಾಯಾಲಯ ತನ್ನ ಗಡಿಯಾರವನ್ನು ಬಿಟ್ಟು ವೈದ್ಯನ ಲೇಖನಿಯನ್ನು ಕೈಗೆತ್ತಿಕೊಂಡಾಗ ಆದ ಹಾನಿ ಇದಕ್ಕಿಂತ ಸ್ಪಷ್ಟವಾದದ್ದು. ಹೆರಾಯಿನ್ ವ್ಯಸನಕ್ಕೆ ಮೆಥಡೋನ್ ಮದ್ದನ್ನು ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು 1965ರಲ್ಲೇ ಮುಂದಿಟ್ಟಿದ್ದರು. ಮೆಥಡೋನ್ ಮತ್ತು ಆಮೇಲೆ ಬಂದ ಬ್ಯುಪ್ರೆನಾರ್ಫಿನ್‌ಗಳು ಮೆದುಳಿನಲ್ಲಿ ಹೆರಾಯಿನ್ ಕುಳಿತುಕೊಳ್ಳುವ ಗ್ರಾಹಕಗಳಲ್ಲೇ ಕುಳಿತು, ಅಮಲೇರಿಸದೆ ನಿಧಾನವಾಗಿ ಕೆಲಸಮಾಡಿ, ಚಟ ಬಿಟ್ಟಾಗಿನ ನಡುಕವನ್ನೂ ಹಂಬಲವನ್ನೂ ತಡೆಯುತ್ತವೆ, ಸಾವನ್ನೂ ಗಣನೀಯವಾಗಿ ತಗ್ಗಿಸುತ್ತವೆ. ಆದರೂ ಅನೇಕ ಡ್ರಗ್ ಕೋರ್ಟುಗಳು ಇದನ್ನು ಒಂದು ಚಟದ ಬದಲಿಗೆ ಇನ್ನೊಂದು ಚಟವೆಂದು ಬಗೆದು, ಪದವಿಗೆ ಮುನ್ನ ಈ ಮದ್ದನ್ನು ಬಿಡಬೇಕೆಂದು ಆದೇಶಿಸುತ್ತಿದ್ದವು; ಹಾಗೆ ನಿರಾಕರಿಸುವ ಕೋರ್ಟುಗಳಿಗೆ ಅನುದಾನ ಕೊಡುವುದಿಲ್ಲವೆಂದು ಕೇಂದ್ರ ಸರ್ಕಾರ ಷರತ್ತು ಹಾಕಿದ್ದು 2015ರಷ್ಟು ತಡವಾಗಿ. ಮದ್ದಿಲ್ಲದೆ ಶುದ್ಧವಾಗಿರುವ ದೇಹ ಒಂದು ಅರ್ಥದಲ್ಲಿ ಹೆಚ್ಚು ಅಪಾಯದಲ್ಲಿರುತ್ತದೆ: ದಿನಬಳಕೆಯಿಂದ ಬೆಳೆದಿದ್ದ ತಾಳಿಕೆ ಕೆಲವೇ ವಾರಗಳಲ್ಲಿ ಕರಗಿ, ಮೊದಲಿನ ಪ್ರಮಾಣವನ್ನೇ ಮತ್ತೊಮ್ಮೆ ತೆಗೆದುಕೊಂಡಾಗ ಉಸಿರು ನಿಲ್ಲುತ್ತದೆ. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅತಿಸೇವನೆಯಿಂದ ಸಾಯುವ ಸಂಭವ ಇತರ ನಾಗರಿಕರಿಗಿಂತ 129 ಪಟ್ಟು. ಶಾಸ್ತಿಯೆಂದು ವಿಧಿಸುವ ಕೆಲದಿನಗಳ ಸೆರೆಯೂ ಹೀಗೆ ನಿರಪಾಯವಾದ ಸಲಕರಣೆಯಲ್ಲ. ಗ್ರಾಹಕವನ್ನು ಪೂರ್ತಿ ಮುಚ್ಚಿಬಿಡುವ ನಾಲ್ಟ್ರೆಕ್ಸೋನ್ ಎಂಬ ಮೂರನೆಯ ಮದ್ದು ಅಮಲಿನ ಜಾತಿಯದೇ ಅಲ್ಲವಾದ್ದರಿಂದ ನ್ಯಾಯಾಧೀಶರಿಗೆ ಹಿಡಿಸಿತು. ತಿಂಗಳಿಗೊಮ್ಮೆ ಅದರ ಚುಚ್ಚುಮದ್ದು ಪಡೆದ, ಕಾನೂನಿನ ಕೈಗೆ ಸಿಕ್ಕಿದ್ದ ವ್ಯಸನಿಗಳಲ್ಲಿ ಆರು ತಿಂಗಳೊಳಗಿನ ಮರುಕಳಿಕೆ ಶೇ 43 ಇದ್ದರೆ ಪಡೆಯದವರಲ್ಲಿ ಶೇ 64 ಇತ್ತೆಂದು 308 ಮಂದಿಯ ಪ್ರಯೋಗ 2016ರಲ್ಲಿ ತೋರಿಸಿತು.

ಮರುಕಳಿಕೆ ರೋಗದ ಲಕ್ಷಣವಾದರೆ ಅದಕ್ಕಾಗಿ ಸೆರೆಗೆ ಹಾಕುವುದು ಹೇಗೆ ಎಂಬ ಪ್ರಶ್ನೆ 2018ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂತು, ಮತ್ತು ಮಾದಕಮುಕ್ತವಾಗಿರಬೇಕೆಂಬ ಪ್ರೊಬೇಷನ್ ಷರತ್ತು ಸಿಂಧುವೇ ಎಂದು ಅದು ತೀರ್ಪಿತ್ತಿತು. ವ್ಯಸನದಲ್ಲಿ ಇಚ್ಛೆ ಎಷ್ಟರಮಟ್ಟಿಗೆ ಉಳಿದಿರುತ್ತದೆ ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ: ಮೆದುಳಿನ ರೋಗವೆಂದು ವಾದಿಸುವವರು ಮರುಕಳಿಕೆಯ ಅಂಕಿಗಳನ್ನು ತೋರಿಸಿದರೆ, ಅವರ ಎದುರಾಳಿಗಳು ಹಿಗಿನ್ಸ್ ಕೊಟ್ಟ ಅಂಗಡಿಚೀಟಿಗಳನ್ನು ತೋರಿಸುತ್ತಾರೆ. ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೆಲವು ದೇಶಗಳು ಈ ಗೊಂದಲವನ್ನು ಗಣಿಸದೆ, ವಿಚಾರಣೆಯೂ ಚಿಕಿತ್ಸೆಯೂ ಇಲ್ಲದ ಕಡ್ಡಾಯ ಬಂಧನ ಕೇಂದ್ರಗಳಲ್ಲಿ ವ್ಯಸನಿಗಳನ್ನು ಕೂಡಿಹಾಕಿದವು. ಅವನ್ನು ಮುಚ್ಚಬೇಕೆಂದು ವಿಶ್ವಸಂಸ್ಥೆಯ ಹನ್ನೆರಡು ಅಂಗಸಂಸ್ಥೆಗಳು 2012ರಲ್ಲಿ ಒಟ್ಟಾಗಿ ಕರೆಕೊಟ್ಟವು. ಡ್ರಗ್ ಕೋರ್ಟಿಗೂ ಇವಕ್ಕೂ ಇರುವ ವ್ಯತ್ಯಾಸ ಬೇಡವೆನ್ನುವ ಹಕ್ಕಿನಲ್ಲಿದೆ, ಆ ಹಕ್ಕಿನ ಇನ್ನೊಂದು ತುದಿಯಲ್ಲಿ ಸೆರೆಮನೆಯ ಬಾಗಿಲಿದ್ದರೂ.

ಭಾರತದ ಕಾನೂನಿನಲ್ಲಿ ಈ ಬಗೆಯ ದಾರಿ ಮಯಾಮಿಗಿಂತ ನಾಲ್ಕು ವರ್ಷ ಮೊದಲೇ ತೆರೆದಿತ್ತು. ಎನ್‌ಡಿಪಿಎಸ್ ಎಂದೇ ಪರಿಚಿತವಾದ 1985ರ ಮಾದಕದ್ರವ್ಯ ಕಾಯಿದೆಯ 39ನೆಯ ಕಲಮಿನಂತೆ, ಸೇವನೆಯ ಅಪರಾಧಕ್ಕೆ ಅಥವಾ ಅಲ್ಪ ಪ್ರಮಾಣದ ಮಾದಕ ಹೊಂದಿದ್ದಕ್ಕೆ, ಅಂದರೆ ಹೆರಾಯಿನ್ ಆದರೆ 5 ಗ್ರಾಂ, ಗಾಂಜಾ ಆದರೆ ಒಂದು ಕಿಲೋ ಮೀರದಂತೆ ಇಟ್ಟುಕೊಂಡಿದ್ದಕ್ಕೆ, ತಪ್ಪಿತಸ್ಥನಾದ ವ್ಯಸನಿಯನ್ನು ನ್ಯಾಯಾಲಯವು ಆತನ ಒಪ್ಪಿಗೆ ಪಡೆದು, ಸೆರೆಗೆ ಬದಲಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮುಚ್ಚಳಿಕೆಯ ಮೇಲೆ ಬಿಡಬಹುದು. 64ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಆರೋಪಕ್ಕೊಳಗಾದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ವೈದ್ಯಕೀಯ ಕೇಂದ್ರದಂಥ ಕಡೆ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯ ಪರಿಣತಿಯೂ ಇದೆ. ಕಾನೂನೂ ಮದ್ದೂ ಹೀಗೆ ಬೇರೆ ಬೇರೆಯಾಗಿ ಸಿದ್ಧವಿದ್ದರೂ ಅವೆರಡನ್ನು ವಾರವಾರ ಕೂಡಿಸುವ ಪೀಠವನ್ನು ಕಾಯಿದೆ ರೂಪಿಸಿಲ್ಲ. ಮುಚ್ಚಳಿಕೆ ಬರೆದುಕೊಟ್ಟವನು ಒಂದು ವರ್ಷ ಮೀರದ ಅವಧಿಯೊಳಗೆ ನ್ಯಾಯಾಲಯಕ್ಕೆ ಹಾಜರಾಗಿ ತನ್ನ ಚಿಕಿತ್ಸೆಯ ಫಲಿತಾಂಶದ ವರದಿ ಒಪ್ಪಿಸಬೇಕೆಂದು 39ನೆಯ ಕಲಮು ಹೇಳುತ್ತದೆ. ಆ ವರ್ಷದ ನಡುವೆ ಎಷ್ಟು ಸಲ, ಯಾವ ನ್ಯಾಯಾಧೀಶರ ಮುಂದೆ ಆತ ನಿಲ್ಲಬೇಕೆಂಬುದನ್ನು ಅದು ಹೇಳುವುದಿಲ್ಲ.